ಹೆಚ್ಚಿದ ಬಳೆ

ಟಿಣ್ ಎಂದದ್ದು ಬಳೆಯೋ ಯುಪಿಎಸ್ಸೋ, ಯುಪಿಎಸ್ ಆದರೆ ಕುಂಯ್ ಎಂದು ಅಳುತ್ತದೆ, ಗುರುವಾರವಲ್ಲವೇ, ಪುಣೆಯಲ್ಲಿ ಗುರುವಾರ ಕರೆಂಟು ತೆಗೆಯುತ್ತಾರೆ, ಬ್ಯಾಟರಿ ಇರುವ ತನಕ ನನ್ನ ಕಾರುಬಾರು, ಅಲ್ಲ, ಇದು ಬಳೆಯೇ, ಕೀಬೋರ್ಡಿನ ಹಲಗೆಗೆ ಬಡಿದು ಎರಡು ಚೂರಾಗಿದೆ, ಹಸಿರು, ಬಿಸಿಲು ಬಿದ್ದು ಮೇಜಿನ ಮೇಲೂ ಒಂದಿಷ್ಟು ಹಸಿರು ಚೆಲ್ಲಿದೆ, ಮಂಜರಿ, ನಿನಗೆ ಗಾಜಿನ ಬಳೆ ಹಾಕಿಕೊಂಡು ಟೈಪ್ ಮಾಡುವುದು ಈ ಜನ್ಮದಲ್ಲಿ ಬರುವುದಿಲ್ಲ ಕಣೆ — ತೆರೆಯ ಮೇಲೆ ಗ್ರಾಫು ಪಟ್ಟಿ ಪಟ್ಟಿಯಾಗಿ ಇಳಿದು ಬರುತ್ತಿದೆ, ಮೊದಲು ತಲೆಬರಹ, ಗಾಜಿನ ಬಳೆ, ಉಳಿದ ಮಾಲು, ಆಮೇಲೆ ಗೆರೆಯ ತುದಿ, ಏರಿ ಏರಿ ಬಲಗಡೆಯ ಮೂಲೆ ಮುಟ್ಟಿದೆ, ಎಷ್ಟು ಚೆನ್ನಾಗಿದೆ, ಕೈಯಲ್ಲಿ ಬರೆದದ್ದಲ್ಲ ಇದು, ಡೇಟಾಬೇಸಿನಲ್ಲಿರುವ ಅಂಕಿಗಳನ್ನು ನನ್ನ ಪ್ರೋಗ್ರಾಮು ತಾನೇ ಎತ್ತಿಕೊಂಡು, ಕೂಡಿಸಿ ಕಳೆದು, ತಾನೇ ಚಿತ್ರ ಮಾಡಿ ಕಳಿಸುತ್ತದೆ, ಇಲ್ಲಿ ಪುಣೆ ಕ್ಯಾಂಪಿನ ಅಂಗಡಿಯಲ್ಲಿ ಕೆಲಸದ ಹುಡುಗಿ ಭಾಮಾ ಕೂತು ಅಂಕಿ ಒತ್ತಿದರೆ ಅಲ್ಲಿ ಶಿರೂರಿನ ಅಂಗಡಿ ನೋಡಿಕೊಳ್ಳುವ ಅಪ್ಪಾಸಾಹೇಬ ಭಾವ ಪಕ್ಕದ ಸೈಬರ್ ಕೆಫೆಗೆ ಹೋಗಿ ಗೆರೆ ನೋಡುತ್ತಾರೆ, ತುಮಕೂರಿನಿಂದ ತಂದ ಸೊಸೆ ಏನು ಮಾಡಿದ್ದಾಳೆ ನೋಡಿ ಎಂದು ಅತ್ತೆ ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು, ಕಂಪ್ಯೂಟರ್‌ದಾಗ ಬಳಿ ಎಣಸ್ತಾಳ್ರಿ ನಮ್ಮ ಮಂಜರಿ, ಒಂದೂ ಕೈಯಾಗ ಹಿಡಿಯೂದಿಲ್ಲ. ಗಾಜಿನ ಬಳೆಯ ಕೌಂಟರಿಗೆ ಬೆನ್ನು ಕೊಟ್ಟು ಕೂತು ಹೇಳುತ್ತಾರೆ, ಮದುವೆಯಾಗಿ ಬಂದಾಗಿನಿಂದ ಅವರು ಕೂರುವ ಜಾಗ ಅದು, ಮಾವ ತೀರಿಕೊಂಡ ಮೇಲೂ ಬಿಡಲಿಲ್ಲ, ನಮ್ಮ ಕಾಶವ್ವ ಅತ್ತೆ ಬಳೆ ಇಡಿಸಿದರೆ ಕೈಗೆ ಗೊತ್ತೇ ಆಗುವುದಿಲ್ಲ, ಗೆಣ್ಣು ಒತ್ತಿ, ಊರಿನ ಸುದ್ದಿ ಕೇಳಿ, ಹಾಂ ಆತು ನೋಡ್ರಿ ಎನ್ನುವಷ್ಟರಲ್ಲಿ ಡಜನ್ ಬಳೆ ಮಣಿಕಟ್ಟಿನಲ್ಲಿ. ಆದರೆ ಭಾನುವಾರದಿಂದ ಯಾಕೋ ಗಿರಾಕಿಗಳ ಮುಂದೆ ನನ್ನ ಕಂಪ್ಯೂಟರಿನ ಹೆಸರೇ ಎತ್ತುತ್ತಿಲ್ಲ.

ಭಾನುವಾರ ಭಾವ ಊಟಕ್ಕೆ ಬಂದಿದ್ದರು, ಗ್ರಾಫನ್ನು ಬಹಳ ಹೊತ್ತು ನೋಡಿದರು, ಗೆರೆಯ ಮೇಲೆ ಬೆರಳಾಡಿಸಿದರು, ಗಾಜಿಂದು ವಾಢವೂಯಾ ಅವ್ವಾ, ಗುರುವಾರ ಫಿರೋಜಾಬಾದಿನ ಏಜೆಂಟ್ ಶಿರೂರಿಗೆ ಬರ್ತಾನ, ಹೇಳಿಬಿಡ್ತೀನಿ ಎಂದರು, ಇವರ ಮನೆಯಲ್ಲಿ ಅರ್ಧ ಮಾತು ಮರಾಠಿ, ನನ್ನ ಮರಾಠಿ ಪುಸ್ತಕ ಓದಿ ಕಲಿತದ್ದು, ವಾಢಣೇ ಎಂದರೆ ಹೆಚ್ಚುವುದು, ವಾಢವಣೇ ಎಂದರೆ ಹೆಚ್ಚಿಸುವುದು, ನಾನು ಕುಣಿಯುವುದೊಂದು ಬಾಕಿ, ನನ್ನ ಗೆರೆ ನೋಡಿ ಗಾಜಿನ ಕೌಂಟರು ದೊಡ್ಡದು ಮಾಡುತ್ತಿದ್ದಾರೆ, ಅತ್ತೇ ಇನ್ನೊಂದು ರೊಟ್ಟಿ ಹಾಕಲಾ ಎಂದೆ, ಅತ್ತೆ ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದರು. ಖುಷಿಗೆ ಊಟ ಸೇರಲಿಲ್ಲವೇನೋ ಎಂದುಕೊಂಡೆನಲ್ಲ, ಎಂಥ ಜಾಣೆ ನಾನು. ಈಗ ಟಿಣ್ ಸದ್ದಿಗೆ ಎದ್ದು ಬಂದಿದ್ದಾರೆ, ಚೂರುಗಳನ್ನು ಒಂದೊಂದಾಗಿ ಎತ್ತಿ ಅಂಗೈ ಮೇಲೆ ಇಟ್ಟುಕೊಳ್ಳುತ್ತಿದ್ದಾರೆ, ನಾನು ಅಯ್ಯೋ ಅತ್ತೆ ಒಡೆದುಹೋಯ್ತು ಎಂದೆ, ಹಂಗನಬಾರದವಾ, ಬಳಿ ಒಡೀತು ಅಂತ ಯಾರರೆ ಅಂತಾರೇನು, ಹೆಚ್ಚಿತು ಅನಬೇಕು, ಕೈಗೆ ನಟ್ಟಿಲ್ಲ ಹೌದಿಲ್ಲ — ನಟ್ಟಿಲ್ಲ ಅತ್ತೆ. ಹೆಚ್ಚಿತು.

ಹೆಚ್ಚಿತು? ಅಂದರೆ — ತಡಿ, ತಡಿ, ಭಾಮಾ ಪೆಟ್ಟಿಗೆ ಬಿಚ್ಚಿದಾಗಲೆಲ್ಲ ಕೂಗಿ ಹೇಳುತ್ತಿದ್ದದ್ದು ವಾಢಲ್ಯಾ ಎಂದು, ಅತ್ತೆ ಹೌದ ಹೆಚ್ಚಿದ್ವು ಬರಕೋ ಎನ್ನುತ್ತಿದ್ದದ್ದು, ನಾನು ಡೇಟಾಬೇಸಿನಲ್ಲಿ ಅದಕ್ಕೇ ಒಂದು ಕಾಲಂ ಮಾಡಿ, ಹೆಚ್ಚಿದ್ದು ಎಂದೇ ಹೆಸರಿಟ್ಟು, ಪಾಪ ಫಿರೋಜಾಬಾದಿನವರು ಉದಾರಿಗಳು, ಪ್ರತಿ ಪೆಟ್ಟಿಗೆಯಲ್ಲೂ ಲೆಕ್ಕಕ್ಕಿಂತ ಹೆಚ್ಚು ಕಳಿಸುತ್ತಾರೆ ಎಂದುಕೊಂಡು, ತಂದದ್ದು ಪ್ಲಸ್ ಹೆಚ್ಚಿದ್ದು ಮೈನಸ್ ಮಾರಿದ್ದು, ಪ್ಲಸ್, ಅಯ್ಯೋ ದೇವರೇ ಪ್ಲಸ್, ಒಡೆದ ಬಳೆಯನ್ನೆಲ್ಲ ಕೂಡಿಸಿ ಕೂಡಿಸಿ ಗೆರೆಯನ್ನು ಮುಗಿಲಿಗೇರಿಸಿದ್ದೇನೆ, ಹೋಗ್ತೀನಿ ಅನ್ನಬಾರದು ಬರ್ತೀನಿ ಅನ್ನಬೇಕು ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಳು, ದೀಪ ಆರಿತು ಅನ್ನಬಾರದು ಎಂದೂ ಹೇಳಿದ್ದಳು, ಬಳೆಯದೊಂದನ್ನು ಹೇಳದೆ ಕಳಿಸಿದಳಲ್ಲ. ಹಾಗಾದರೆ ಭಾವ ಅಂದ ವಾಢವೂಯಾ? ಅತ್ತೇ, ದುಕಾನ ವಾಢವಣೇ ಅಂದರೆ ಏನು, ಅತ್ತೆ ಕೌಂಟರಿನ ಕಡೆ ನೋಡಿದರು, ಮುಚ್ಚೂದವಾ, ಮುಚ್ಚೂದು ಅನಬಾರದಂತ ಹಂಗಂತಾರ, ಗಾಜಿಂದು ಹೋಗವಲ್ದಂತ, ನಿನ್ನ ಚಿತ್ರದಾಗ ಮಾಲ್ ಗುಡ್ಡ ಬಿದ್ದದಂತ, ಪ್ಲ್ಯಾಸ್ಟಿಕ್ ತರಸ್ತಾನಂತ, ಇರ್ಲಿ ಬಿಡು, ಕಾಲ ಬಂದಂಗ. ಗುಡ್ಡ ಎಲ್ಲಿದೆ, ಹಿಂದಿನ ಕಪಾಟು ಖಾಲಿ ಹೊಡೆಯುತ್ತಿದೆ, ವಾರದಿಂದ ಹಸಿರು ಕೇಳಿ ಬಂದವರಿಗೆ ಇಲ್ಲ ಎನ್ನದೆ ನಾಡದ ಬರ್ರಿ ನಾಡದ ಬರ್ರಿ ಎನ್ನುತ್ತಿದ್ದಾರೆ, ನಾನೇ ದಿನಾ ಕಿವಿಯಾರೆ ಕೇಳಿದ್ದೇನೆ, ಕೇಳುತ್ತ ಕೇಳುತ್ತಲೇ ಗೆರೆಯ ಬಣ್ಣ ಕೆಂಪಿರಲೋ ನೀಲಿಯಿರಲೋ ಎಂದು ಕೂತಿದ್ದೆ, ಕಪಾಟಿಗೂ ಗೆರೆಗೂ ತಾಳೆ ಹಾಕಿ ನೋಡುವ ಬುದ್ಧಿ ಮನೆಯಲ್ಲಿ ಒಬ್ಬರಿಗೂ ಬರಲಿಲ್ಲ. ಈ ಹೆಂಗಸಿನ ಜಾಗವನ್ನು ನಾನು ಒಂದು ಪ್ಲಸ್ಸಿನಿಂದ ಕಿತ್ತುಕೊಳ್ಳುತ್ತಿದ್ದೆ, ಅವರು ನನ್ನನ್ನು ಒಂದು ಮಾತು ಕೇಳಲಿಲ್ಲ, ಸೊಸೆಯ ಚಿತ್ರ ಎಂದ ಮೇಲೆ ಸರಿಯೇ ಇರುತ್ತದೆ ಎಂದು ನಂಬಿ ಸುಮ್ಮನಿದ್ದರು, ನನಗೆ ಅಳು ಬರುತ್ತಿದೆ.

ಯುಪಿಎಸ್ ಕುಂಯ್ ಎಂದಿತು, ಈಗಲೇ ಸಾಯಬೇಡ ಮಾರಾಯ, ಇವತ್ತು ಗುರುವಾರ, ಏಜೆಂಟ್ ಬಂದಿರುತ್ತಾನೆ, ಪ್ಲಸ್ ಅಳಿಸು, ಮೈನಸ್ ಒತ್ತು, ಸೇವ್, ಸರ್ವರಿಗೆ ಕಳಿಸು, ಫೈಲು ಹೋಗುತ್ತಿದೆ, ಕುಂಯ್, ಹೋಗು ಹೋಗು, ಹೋಯಿತು, ಅಲ್ಲ, ಹೋಗಿ ಬಂತು, ಪುಟ ಮತ್ತೆ ತೆರೆದೆ, ತಲೆಬರಹ ಬಂತು, ಗೆರೆ ಬರಲಿಲ್ಲ, ಇನ್ನೂ ಬರಲಿಲ್ಲ, ಬಂತು, ಕೆಳಗೆ, ನೆಲ ಹಿಡಿದು ಬಂತು, ಅತ್ತೆ ಬಗ್ಗಿ ನೋಡಿ ಅಯ್ಯ ಇಳದು ಹೋತಲ್ಲವಾ ಎಂದರು, ಇರಿ ಅತ್ತೆ, ಇಂಟರ್ನೆಟ್ಟಿಗೂ ಫೋನಿಗೂ ಒಂದೇ ಲೈನು, ಇಂಟರ್ನೆಟ್ ಕಡಿದು ಫೋನೆತ್ತಿ ಭಾವನ ಮೊಬೈಲಿಗೆ, ಭಾವ, ಏಜೆಂಟಿಗೆ ಏನೂ ಹೇಳಬೇಡಿ, ಮೊದಲು ಗ್ರಾಫ್ ಇನ್ನೊಮ್ಮೆ ತೆಗೆದು ನೋಡಿ. ಅವರು ಕೆಫೆಯಲ್ಲೇ ಇದ್ದರು, ಏನ್ವಾ ಇದು, ನಿನ್ನಿ ತನಕಾ ಮ್ಯಾಲಿತ್ತು, ಈಗ ಧಪ್ಪನ ಬಿತ್ತಲ್ಲ, ಮಾಲೆಲ್ಲಾ ಎಲ್ಲಿ ಹೋತು — ಒಡೆದುಹೋಯ್ತು ಎಂದು ನಾಲಿಗೆಯ ತುದಿಗೆ ಬಂತು, ಅತ್ತೆ ಎದುರಿಗೇ ನಿಂತಿದ್ದಾರೆ, ಅಂಗೈ ಇನ್ನೂ ಬಿಚ್ಚಿಯೇ ಇದೆ, ಹೆಚ್ಚಿದ್ವು ಭಾವಾರ, ಹೆಚ್ಚಿದ್ದನ್ನೆಲ್ಲಾ ನಾ ಕೂಡಿಸಿಬಿಟ್ಟಿದ್ದೆ. ಹೆಚ್ಚಿದ್ದನ್ನ ಕೂಡಿಸಿದಿ, ಎಂದರು ಆ ಕಡೆಯಿಂದ. ಆಮೇಲೆ ನಗು, ಸೈಬರ್ ಕೆಫೆಯವರೆಲ್ಲ ತಿರುಗಿ ನೋಡುವಂಥ ನಗು, ಅವ್ವನ್ನ ಕೇಳು, ಹಸರು ಎಷ್ಟ ಪೆಟಗಿ ಹೇಳೂಣಂತ. ಯುಪಿಎಸ್ ಉಸಿರು ಬಿಟ್ಟಿತು, ತೆರೆ ಕಪ್ಪಾಯಿತು, ಏನಂದ ಎಂದರು ಅತ್ತೆ, ಹಸರು ಎಷ್ಟ ಪೆಟಗಿ ಬೇಕಂತ ಕೇಳ್ತಾರ್ರಿ ಅತ್ತಿ, ಅತ್ತೆ ನನ್ನ ಬಾಯಲ್ಲಿ ತಮ್ಮ ಮಾತು ಕೇಳಿಯೋ, ಪೆಟ್ಟಿಗೆಯ ಮಾತು ಕೇಳಿಯೋ, ಕಣ್ಣು ತುಂಬಿಕೊಂಡು ನಗುತ್ತಿದ್ದಾರೆ, ನನ್ನ ಕೈ ಹಿಡಿಯಲು ಚೂರುಗಳನ್ನು ಕೀಬೋರ್ಡಿನ ಮೇಲೆ ಇಟ್ಟರು, ಗೆಣ್ಣು ಒತ್ತುತ್ತಿದ್ದಾರೆ, ಕೈ ಸಡ್ಲ ಬಿಡವಾ, ಹೊಸ ಬಳೆ ಏರುತ್ತಿದೆ, ನಾನು ಚೂರು ನೋಡುತ್ತಿದ್ದೇನೆ, ಬಿಸಿಲಿಗೆ ಹಸಿರು, ಪ್ಲಸ್ಸಿನ ಕೀ ಮೇಲೊಂದು, ಪಕ್ಕದಲ್ಲೊಂದು, ಬೆಳಿಗ್ಗೆ ಒಂದೇ ಇತ್ತಲ್ಲ, ಈಗ ಎಣಿಸಿದರೆ ಎರಡು, ಹೌದಲ್ಲ, ಹೆಚ್ಚೇ ಆಗಿದೆ, ಒಂದು ಹಸಿರು, ಇನ್ನೊಂದು ಹಸಿರು —