ಮೂರು ಎಕ್ಕ

ಹುಣಿಸೆ ಬೀಜವೊಂದನ್ನು ಪಣಕ್ಕಿಡುವುದು ದುಡುಕಿ ಮಾಡುವ ಕೆಲಸವಲ್ಲ ಎಂಬ ಬಗ್ಗೆ, ಮಂಕಿಯಲ್ಲಿ ವಿಶ್ವನಾಥನ ಬಲೆ-ಹಗ್ಗದ ಅಂಗಡಿಯ ಜಗಲಿಯ ಮೇಲೆ ಭಿನ್ನಾಭಿಪ್ರಾಯವಿರಲಿಲ್ಲ. ದುಡ್ಡಿಟ್ಟರೆ ಜೂಜಾಗುತ್ತದೆಂದು ಭಾನುವಾರದ ಮೂರೆಲೆ ಆಟಕ್ಕೆ ಬೀಜ. ಶುರುವಿಗೆ ತಲೆಗೊಂದು, ಆಮೇಲೆ ಒಮ್ಮೆಗೆ ಎರಡಕ್ಕಿಂತ ಹೆಚ್ಚು ಹಾಕುವಂತಿಲ್ಲ. ಆಟ ಮುಗಿದ ಮೇಲೆ ಗೆದ್ದವನದೂ ಸೋತವನದೂ ಒಂದೇ ಭರಣಿಗೆ ಬೀಳುತ್ತಿದ್ದವು. ಆದರೂ ವಿಮಾ ಏಜೆಂಟ್ ರಮಾನಂದ ಒಂದು ಬೀಜ ಕಳೆದುಕೊಂಡನೆಂದರೆ ಸಂಜೆಯವರೆಗೆ ಎಲೆ ಮಡಚಿ, ಆಟ ಬಿಟ್ಟೇ ಕೂರುತ್ತಿದ್ದ.

ಮೂರನೆಯವನು ಸುಧಾಕರ. ಹೊನ್ನಾವರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು. ಅಲ್ಲೇ ಬಾಡಿಗೆ ಕೋಣೆಯಲ್ಲಿ ಒಬ್ಬನೇ. ಭಾನುವಾರ ಊಟ ಬೇಗ ಮುಗಿಸಿ ಬಸ್ಸು ಹತ್ತುತ್ತಿದ್ದ. ಒಳ್ಳೆಯ ಎಲೆ ಬಂದರೆ ಆಡುವುದು, ಇಲ್ಲದಿದ್ದರೆ ಮಡಚುವುದು. ಸೋಲುತ್ತಿರಲಿಲ್ಲ, ಹಾಗಾಗಿ ನಾಲ್ಕು ಜನ ಹೇಳಿಕೊಳ್ಳುವಂಥದ್ದೇನೂ ಅವನಿಂದ ಆಗಿರಲಿಲ್ಲ. ಮೊದಲು ಇವರ ಜೊತೆ ಆಡುತ್ತಿದ್ದು ತೀರಿಹೋದ ದಾಸನದು ಹಾಗಲ್ಲ. ಒಮ್ಮೆ ಮೂರು ರಾಜ ಹಿಡಿದು ಎಲ್ಲರನ್ನೂ ಬೋಳಿಸಿದ್ದ. ಆ ಕಥೆ ಇವತ್ತಿಗೂ ಚಹಾದ ಜೊತೆ ಬರುತ್ತಿತ್ತು. ಸತ್ತ ಮೇಲೂ ದಾಸ ಒಂದು ಭಾನುವಾರ ತಪ್ಪಿಸಿರಲಿಲ್ಲ.

ಹೆದ್ದಾರಿ ಅಗಲವಾಗುವುದಕ್ಕೆ ಜಗಲಿ ಹೋಗುವುದಿತ್ತು. ಇದೇ ಕೊನೆಯ ಭಾನುವಾರ. ಮುಂದೆ ಎಲ್ಲಿ ಕೂರುವುದೆಂಬ ಮಾತನ್ನು ಯಾರೂ ಎತ್ತಿರಲಿಲ್ಲ. ಸುಧಾಕರ ಎತ್ತಬೇಕೆಂದು ಗಂಟಲು ಸರಿಮಾಡಿಕೊಂಡು, ಅದನ್ನು ಕೆಮ್ಮಿನಲ್ಲಿ ಮುಗಿಸಿದ್ದ.

ಕೊನೆಯ ಸುತ್ತೆಂದು ವಿಶ್ವನಾಥ ಎಲೆ ಹಂಚಿದ. ಸುಧಾಕರ ತನ್ನವನ್ನು ಒಂದೊಂದಾಗಿ ಜಾರಿಸಿ ನೋಡಿದ. ಎಕ್ಕ. ಇನ್ನೊಂದು ಎಕ್ಕ. ಮೂರನೆಯದೂ ಎಕ್ಕ.

ಇದಕ್ಕಿಂತ ದೊಡ್ಡ ಎಲೆ ಮೂರೆಲೆಯಲ್ಲಿಲ್ಲ. ಒಬ್ಬನಾದರೂ ಎದುರು ನಿಂತು ತೋರಿಸು ಎಂದರೆ ಸಾಕು, ದಾಸನ ಪಕ್ಕದಲ್ಲಿ ತನಗೂ ಜಾಗ. ಎಲ್ಲರೂ ಮಡಚಿಬಿಟ್ಟರೆ ಗೆದ್ದವನ ಎಲೆ ತೋರಿಸುವ ಪದ್ಧತಿ ಅಲ್ಲಿರಲಿಲ್ಲ. ಮೊದಲ ಸರದಿ ಅವನದೇ. ಎರಡು ಹಾಕಿದರೆ ಹೆದರಿಯಾರೆಂದು ಒಂದೇ ಬೀಜ ಹಾಕಿದ. ಅದೂ ಸಾಲದೆಂದು ತಲೆ ಕೆರೆದುಕೊಂಡು, "ಎಂತ ಇಲ್ಲ, ಸುಮ್ನೆ ಹಾಕ್ದೆ" ಎಂದ.

ಎಲೆ ಹಿಡಿದುಕೊಂಡು ಅವನು ಮಾತಾಡಿದ್ದು ಇದೇ ಮೊದಲು.

"ಸುಮ್ನೆ ಹಾಕೂ ಜನ ಅಲ್ಲ ಮಾರಾಯ ನೀನು." ರಮಾನಂದ ತನ್ನ ಎಲೆ ನೋಡದೆಯೇ ಕವುಚಿಟ್ಟ. "ಆತು, ನಂದು ಆತು."

ವಿಶ್ವನಾಥನ ಕೈ ಬೀಜದ ಕಡೆಗೆ ಹೋಯಿತು. ಕೈ ಅಲ್ಲೇ ತುಸು ನಿಂತು, ಹಿಂದೆ ಬಂದು ಮೊಣಕಾಲು ಕೆರೆದು, ಎಲೆ ಮಡಚಿತು.

"ನೀ ಬೀಜ ಮುಟ್ಟಿದ್ಮೇಲೆ ನಮ್ಗೆಂತ ಕೆಲ್ಸ?"

ರಮಾನಂದ ಕಾಲಲ್ಲೇ ಚಪ್ಪಲಿ ಹುಡುಕುತ್ತ, "ಆದ್ರೂ ಎಂತ ಇತ್ತಾ ನಿನ್ನ ಕೈಲಿ?" ಎಂದ. ಸುಧಾಕರ ಆಗಲೇ ಎಲೆಗಳನ್ನು ಅರ್ಧ ಮಗುಚಿದ್ದ.

"ನೋಡುದಾದ್ರೆ ಒಂದು ಬೀಜ ಹಾಕ್ಬೇಕು" ಎಂದ ವಿಶ್ವನಾಥ, ಭರಣಿಯ ಮುಚ್ಚಳ ತೆಗೆಯುತ್ತ. "ಕಾಯ್ದೆ ಅಂದ್ರೆ ಕಾಯ್ದೆ."

ರಮಾನಂದ ತನ್ನ ಮುಂದಿದ್ದ ಬೀಜಗಳನ್ನು ನೋಡಿದ. ಅವೂ ಇನ್ನೇನು ಅದೇ ಭರಣಿಗೆ ಹೋಗುವಂಥವು.

"ಹಂಗಾದ್ರೆ ಬೇಡ ಬಿಡು."

ಸುಧಾಕರ ಮೂರೂ ಎಲೆಗಳನ್ನು ಕಟ್ಟಿನ ನಡುವೆ ತೂರಿಸಿ, ಚೆನ್ನಾಗಿ ಕಲಸಿ, ಪೆಟ್ಟಿಗೆಗೆ ಹಾಕಿದ. ಆ ಸುತ್ತು ಅವನೇ ಗೆದ್ದ. ಲಾಭ ಎರಡು ಬೀಜ.