ಎಂಟನೇ ಗುಂಡಿ

ಹುಲಗಪ್ಪನ ಮೈಯಾಗ ಹಿಡಿ ಮಾಂಸ ಇರಲಿಲ್ಲ, ಅದಕ್ಕ ಆ ಕೆಲಸ ಅವನ ಪಾಲಿಗೆ ಬಂತು. ಧಾರವಾಡದಾಗ ಸಾಹೇಬನೊಬ್ಬನ ಹಳೇ ಬಂಗ್ಲೆ ಸಾಲಿ ಆಗಿತ್ತು. ಅದರ ಹಲಗಿ ನೆಲದ ತೊಲಿಗೋಳಿಗೆ ಒರಲಿ ಹತ್ತಿತ್ತು. ನೆಲದ ಕೆಳಗ ಎರಡು ಮೊಳ ಸಂದಿ. ಅದರಾಗ ತೆವಳಿಕೊಂಡು ಹೋಗಿ, ಎಂಟು ಗುಂಡಿ ತೋಡಿ, ಕಲ್ಲಿನ ಕಂಬ ನಿಲ್ಲಸಬೇಕು. ಗುದ್ದಲಿ ಎತ್ತಾಕ ಜಾಗಾ ಇಲ್ಲ, ಕೆಳಗ ನೋಡಿದರ ಬರೇ ಕಲ್ಲು. ರಸ್ತಾ ಗುತ್ತೇದಾರನ ಗಾಳಿ ಮಶೀನು ತರಿಸಿದರು. ಇಂಜಿನ್ ದೂರ ಬಾವಿ ಹತ್ತರ ಓಡತಿತ್ತು, ರಬ್ಬರ್ ನಳಿಗ್ಯಾಗ ಗಾಳಿ ಬಂದು ಹುಲಗಪ್ಪನ ಕೈಯಾಗಿನ ಉಳಿ ಕಲ್ಲು ಕೊರೀತಿತ್ತು.

ಅವ ಒಪ್ಪಿದ್ದು ತ್ರ್ಯಂಬಕ ಮಾಸ್ತರರ ಮಾತಿಗೆ. ಹುಲಗಪ್ಪನ ಕೇರಿ ಮಕ್ಕಳು ಹೊರಗ ಕಟ್ಟಿ ಮ್ಯಾಲ ಕೂತು, ಕಿಟಕ್ಯಾಗಿಂದ ಪಾಠ ಕೇಳೂದು ಅಲ್ಲಿನ ರಿವಾಜು. ಮಾಸ್ತರು ಅಂದಿದ್ದರು, "ನೀ ನೆಲಾ ಗಟ್ಟಿ ಮಾಡಿಕೊಡು ಹುಲಗಪ್ಪಾ. ನಿನ್ನ ಮಗಳು ಇನ್ನ ಎಲ್ಲಾರ ಕೂಡ ಒಳಗ ಕುಂಡ್ರತಾಳ. ನನ್ನ ಜನಿವಾರದ ಆಣಿ."

ಖರೇನ ಕೆಲಸದ ಮೊದಲನೇ ದಿನಾನ ಅವನ ಮಗಳು ಅಕ್ಕವ್ವನ್ನ ಒಳಗ ಕುಂಡ್ರಿಸಿದರು. ಎಂಟು ವರ್ಷದ ಹುಡಿಗಿ, ಒಂದ ಕಾಲಿಗೆ ಗೆಜ್ಜಿ. ಇನ್ನೊಂದನ್ನ ಎಲ್ಲೋ ಕಳಕೊಂಡಿದ್ದಳು. ಕೆಳಗ ಬಿದ್ದುಕೊಂಡ ಅಪ್ಪಗ ಆ ಒಂಟಿ ಗೆಜ್ಜಿ ಸಪ್ಪಳ ಕೇಳಿದರ ಸಾಕು, ಧೂಳು ನುಂಗೂದು ಸುದ್ದಾ ಹಗರ ಅನಸತಿತ್ತು.

ಪಾಠದ ಹೊತ್ತಿಗೆ ಮಾಸ್ತರು ಹಿಮ್ಮಡದಿಂದ ಎರಡು ಸಲ ಹಲಗಿ ಗುದ್ದೋರು, ಇವ ಮಶೀನು ನಿಲ್ಲಸಬೇಕು. ಮೂರು ಸಲ ಗುದ್ದಿದರ ಮತ್ತ ಚಾಲೂ.

ಎಂಟನೇ ಗುಂಡಿ ಅರ್ಧ ಆಗಿತ್ತು. ಎರಡು ಸಲ ಗುದ್ದಿದರು. ಹುಲಗಪ್ಪ ನಿಲ್ಲಿಸಿ, ಅಂಗಾತ ಬಿದ್ದು ಕಣ್ಣು ಒರಸಿಕೊಂಡ. ಮ್ಯಾಲ ಸಾಲಿ ಕಮೀಟಿಯ ಬಾಳಕೃಷ್ಣರಾಯರ ದನಿ.

"ಏನ್ರಿ ಮಾಸ್ತರ, ಆ ಹುಡಿಗಿ ಒಳಗ್ಯಾಕ?"

"ಕೆಲಸ ಮುಗಿಯೂತನಕ ಅಷ್ಟ ರೀ ರಾಯರ. ಇಲ್ಲಂದರ ಆ ಸಂದ್ಯಾಗ ಯಾರು ಇಳೀತಿದ್ದರು? ಇವತ್ತ ಮುಗೀತದ." ಆಮ್ಯಾಲ ಸಕ್ಕರಿಯಂಥ ದನಿ: "ಅಕ್ಕವ್ವಾ, ಹೊರಗ ಕಟ್ಟಿ ಮ್ಯಾಲ ಹೋಗವಾ. ನೆಲಾ ಇನ್ನೂ ಗಟ್ಟಿ ಆಗಿಲ್ಲ."

ತಮ್ಮ ಗುದ್ದಿಗೇ ಮಶೀನು ನಿಂತದ, ಕೆಳಗಿನವಗ ಎಲ್ಲಾ ಕೇಳಸ್ತದ ಅನ್ನೂದನ್ನ ಮರತಿದ್ದರು ನೋಡ್ರಿ, ಶಾಣ್ಯಾ ಮಾಸ್ತರು!

ಒಂಟಿ ಗೆಜ್ಜಿ ಹುಲಗಪ್ಪನ ಮಾರಿ ಮ್ಯಾಲಿಂದ, ಎದಿ ಮ್ಯಾಲಿಂದ ಹಾದು ಕಟ್ಟಿ ಕಡೆ ಹೋತು.

ಮೂರು ಸಲ ಗುದ್ದಿದರು.

ಎದ್ದು ಕೂಡೂಣಂದರ ತಲಿಗೆ ತೊಲಿ. ಥೂ, ಎಂಥಾ ಆಣಿ! ಹುಲಗಪ್ಪ ಮಶೀನು ಚಾಲೂ ಮಾಡಿ, ಅದರ ಸಪ್ಪಳದಾಗ ಬಾಯಿಗೆ ಬಂದಂಗ ಬೈದ, ಅತ್ತ. ಬಿಟ್ಟು ಹೋಗಬೇಕಂದ. ಆದರ ಮ್ಯಾಲ ಮೂವತ್ತು ಹುಡುಗರು ಕುಂತಿದ್ದರು, ಅವರೇನು ಮಾಡ್ಯಾರ? ಗುಂಡಿ ಮುಗಿಸಿದ. ಕಂಬ ನಿಲ್ಲಿಸಿ ಬೆಣಿ ಬಡದ.

ಮೈತುಂಬ ಮಣ್ಣು ಮಾಡಿಕೊಂಡು ಹೊರಗ ಬಂದ. ಮಾಸ್ತರು ಬಾಗಲದಾಗ ನಿಂತಿದ್ದರು. "ಛಲೋ ಕೆಲಸ ಹುಲಗಪ್ಪಾ. ಗಟ್ಟಿ ಆತೇನು?"

"ಆತ್ರಿ. ಕೆಳಗಿದ್ದವಗ ಮ್ಯಾಲಿನ ಮಾತು ಎಲ್ಲಾ ಕೇಳಸ್ತದರಿ ಮಾಸ್ತರ."

ಮಾಸ್ತರರ ಮಾರಿ ಬೆಳ್ಳಗಾತು. ಅಷ್ಟರಾಗ ಅಕ್ಕವ್ವ ಪಾಟಿ ಎದಿಗೆ ಅವಚಿಕೊಂಡು ಕಟ್ಟಿ ಮ್ಯಾಲಿಂದ ಓಡಿ ಬಂದಳು.

"ಅಪ್ಪಾ, ನೆಲಾ ಗಟ್ಟಿ ಆತಲ್ಲ? ಇನ್ನ ನಾ ಒಳಗ ಹೋಗಲೇನು?"

"ಮಾಸ್ತರನ್ನ ಕೇಳವ್ವಾ," ಅಂದ ಹುಲಗಪ್ಪ.

ಆಕಿ ಹೊಳ್ಳಿ ನಿಂತು, ಕತ್ತು ಎತ್ತಿ, ಪಾಠ ಒಪ್ಪಿಸೂ ದನಿಯಾಗ ಕೇಳಿದಳು. ಮಾಸ್ತರು ಒಳಗ ಹೋಗಿ ಬಾಗಲಾ ಮುಂದ ಮಾಡಿಕೊಂಡರು.