ಅಡುಗೆಮನೆಯಲ್ಲಿ ಎರಡು ಜೋಡಿ

ರೇಲೀನಳಿಗೆ ತಲೆ ಎಣಿಸುವ ರೋಗವಿದೆ ಎಂದು ಉಳಿದ ಡ್ರೈವರುಗಳು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಇಪ್ಪತ್ತಾರು ವರ್ಷಗಳಿಂದ ಮೆಲ್ಬರ್ನಿನ ಜನರನ್ನು ಹಗಲು ಕೊಆಲಾ, ಸಂಜೆ ಪೆಂಗ್ವಿನ್ ತೋರಿಸಲು ದ್ವೀಪಕ್ಕೆ ಕರೆದುಕೊಂಡು ಹೋಗಿ ಬಂದವಳು, ಒಂದು ನರಪಿಳ್ಳೆಯನ್ನೂ ಹಿಂದೆ ಬಿಟ್ಟು ಬಂದವಳಲ್ಲ. ಗೈಡೂ ಅವಳೇ, ಡ್ರೈವರೂ ಅವಳೇ, ಮಧ್ಯಾಹ್ನದ ಚಹಾಕ್ಕೆ ನೀರು ಕಾಯಿಸುವವಳೂ ಅವಳೇ. ಪಟ್ಟಿಯಲ್ಲಿ ಎಷ್ಟು ಹೆಸರಿದೆಯೋ ಅಷ್ಟು ತಲೆ ಬಸ್ಸಿನಲ್ಲಿ ಕಂಡರೆ ಮಾತ್ರ ಕೀಲಿ ತಿರುಗುವುದು.

ಅಲ್ಲಿ ಚಳಿಗಾಲವಾದ ಜೂನ್ ತಿಂಗಳ ಆ ಶನಿವಾರ ಪಟ್ಟಿಯಲ್ಲಿ ಹದಿನೆಂಟು ಹೆಸರಿತ್ತು. ಹತ್ತೊಂಬತ್ತನೆಯವಳು ಅವಳ ಅಮ್ಮ ಡಲ್ಸಿ. ಅವಳಿಗೆ ಟಿಕೆಟ್ಟೂ ಇಲ್ಲ, ಪಟ್ಟಿಯಲ್ಲಿ ಹೆಸರೂ ಇಲ್ಲ. ಬಸ್ಸಿನ ಕಟ್ಟಕಡೆಯಲ್ಲಿ ಛತ್ರಿ, ಕಂಬಳಿಗಳ ಪಕ್ಕ ಒಂದು ಮಡಚುವ ಸೀಟಿತ್ತು. ಎಂಬತ್ತೆರಡು ವರ್ಷದ ಡಲ್ಸಿ ಉಣ್ಣೆಯ ಟೋಪಿ ಹಾಕಿಕೊಂಡು, ಊರುಗೋಲನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು, ತೊಡೆಯ ಮೇಲೆ ಫ್ಲಾಸ್ಕು ಇಟ್ಟುಕೊಂಡು ಅಲ್ಲಿ ಕೂತಿದ್ದಳು.

"ಮೊದಲೇ ಹೇಳ್ಬಿಡ್ತೀನಿ ರೇ, ನಾನು ಬಂದಿರೋದು ಕೊಆಲಾ ನೋಡೋಕೆ. ಆ ಹಕ್ಕಿಗಳ ಹತ್ರ ನನ್ನ ಎಳ್ಕೊಂಡ್ ಹೋಗ್ಬೇಡ."

"ಆಯ್ತಮ್ಮ."

"ಆಯ್ತಮ್ಮ ಅಂತೀಯ, ಆಮೇಲೆ ಪುಸಲಾಯಿಸ್ತೀಯ. ಅಪ್ಪನ ಬುದ್ಧಿ."

ಆ ಹಕ್ಕಿಗಳ ಹೆಸರನ್ನು ಡಲ್ಸಿ ಬಾಯಿಬಿಟ್ಟು ಹೇಳಿ ಮೂವತ್ತು ವರ್ಷವಾಗಿತ್ತು. ಸಂಜೆಯಾದರೆ ಪೆಂಗ್ವಿನ್ನುಗಳು ಸಮುದ್ರದಿಂದ ಹತ್ತಿ ಬರುವ ಆ ಭೂಶಿರದ ಮೇಲೆ ಆಗ ಒಂದು ಬಡಾವಣೆ ಇತ್ತು. ಅದರಲ್ಲಿ ಹದಿನಾಲ್ಕನೆಯ ನಂಬರು ಇವರ ಮನೆ. ಡಲ್ಸಿಯ ಗಂಡ ಕ್ಲೆಮ್ ರಜೆಯ ದಿನಗಳಲ್ಲಿ ಒಂದೊಂದೇ ಹಲಗೆ ಹೊಡೆದು ಎಬ್ಬಿಸಿದ್ದ ಮನೆ. ಪೆಂಗ್ವಿನ್ನುಗಳು ನೆಲಹಲಗೆಯ ಕೆಳಗೆ ಬಿಲ ಮಾಡಿಕೊಂಡು ರಾತ್ರಿಯಿಡೀ ಕತ್ತೆಗಳ ಹಾಗೆ ಅರಚುತ್ತಿದ್ದವು. ಡಲ್ಸಿ ಎದ್ದು ಪೊರಕೆಯ ಕೋಲಿನಿಂದ ನೆಲವನ್ನು ಮೂರು ಸಲ ಗುದ್ದುತ್ತಿದ್ದಳು. ಒಂದು ನಿಮಿಷ ತೆಪ್ಪಗಿದ್ದು ಅವು ಇಮ್ಮಡಿ ಅರಚುತ್ತಿದ್ದವು. ಬೈಯುತ್ತಲೇ ಅವುಗಳ ಜೊತೆ ಬಾಳಿದವಳು ಅವಳು. ಹಕ್ಕಿಗಳ ಸಂಖ್ಯೆ ಇಳಿಯುತ್ತಾ ಬಂದಾಗ ಸರ್ಕಾರ ಬಡಾವಣೆಯ ಮನೆಗಳನ್ನು ಒಂದೊಂದಾಗಿ ಕೊಂಡು, ಕೆಡವಿ, ನೆಲವನ್ನು ಹಕ್ಕಿಗಳಿಗೇ ಬಿಟ್ಟುಕೊಟ್ಟಿತು. ಬೆಲೆಯಲ್ಲಿ ಮೋಸವಿರಲಿಲ್ಲ. ಆದರೆ ಡಲ್ಸಿ ಮನೆಯನ್ನು ಮಾರಾಟಕ್ಕಿಟ್ಟಿರಲೇ ಇಲ್ಲ.

ಅದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ನುಂಗಲಾರದ್ದು ಇನ್ನೊಂದಿತ್ತು. ಮನೆ ಕೆಡವಿದ ಜಾಗದಲ್ಲಿ ಹಕ್ಕಿಗಳಿಗೆ ಮರೆಯಾಗಲೆಂದು ಹುಲ್ಲು ನೆಡಲು ಬಂದ ತಂಡದಲ್ಲಿ ಗುದ್ದಲಿ ಹಿಡಿದು ನಿಂತವರ ಪೈಕಿ ಅವಳ ಮಗಳೂ ಇದ್ದಳು. "ನಮ್ಮ ಮನೆ ಮೇಲೇ ಹುಲ್ಲು ಬೆಳೆಸೋಕೆ ನಿಂಗೆ ಕೈಯಾದ್ರೂ ಹೇಗೆ ಬಂತೇ?" ಎಂದು ಒಂದೇ ಒಂದು ಸಲ ಕೇಳಿದ್ದಳು. ಆಮೇಲೆ ಆ ವಿಷಯಕ್ಕೆ ಬೀಗ. ಕ್ರಿಸ್‌ಮಸ್ ಊಟ, ಭಾನುವಾರದ ಊಟ, ಕ್ಲೆಮ್‌ನ ಸಾವು, ಎಲ್ಲವೂ ಆ ಬೀಗವನ್ನು ಮುಟ್ಟದೆ ಪಕ್ಕದಲ್ಲೇ ನಡೆದುಹೋದವು.

ಈಗ ಡಲ್ಸಿಯ ಕಣ್ಣು ಕೈಕೊಡುತ್ತಿತ್ತು. ನೋಟದ ಅಂಚು ಉಳಿದು ನಡುವೆ ಮಸುಕಾಗುವ ಕಾಯಿಲೆ. ಮುಂದಿನ ಚಳಿಗಾಲದ ಹೊತ್ತಿಗೆ ಎದುರಿಗಿದ್ದವರ ಮುಖ ಕಾಣುವುದೂ ಕಷ್ಟ, ನೋಡಬೇಕಾದದ್ದು ಇದ್ದರೆ ಈಗಲೇ ನೋಡಿಬಿಡಿ ಎಂದಿದ್ದರು ಡಾಕ್ಟರು. ಡಲ್ಸಿ ಯೋಚನೆಯನ್ನೂ ಮಾಡದೆ "ಮರದ ಮೇಲಿರೋ ಕೊಆಲಾ" ಎಂದಳು. ರೇಲೀನಳಿಗೆ ಬೇಕಿದ್ದದ್ದೇ ಬೇರೆ. ಅಮ್ಮ ಒಂದೇ ಒಂದು ಸಲ ಆ ಭೂಶಿರಕ್ಕೆ ಬರಬೇಕು, ತಾನು ನೆಟ್ಟದ್ದನ್ನು ಕಣ್ಣಿರುವಾಗಲೇ ನೋಡಬೇಕು. ಅವಳು ನೋಡಿ ಬೈದರೂ ಸರಿ. ಈ ಆಸೆಯನ್ನು ಅವಳು ಬಾಯಲ್ಲಿ ಹೇಳಲಿಲ್ಲ, ಸುಮ್ಮನೆ ಮಡಚುವ ಸೀಟನ್ನು ಬಿಡಿಸಿಟ್ಟಳು.

ದಿನ ಚೆನ್ನಾಗಿಯೇ ಶುರುವಾಯಿತು. ತೆಳು ಬಿಸಿಲು, ಗಾಳಿಯಿಲ್ಲ. ಡಲ್ಸಿಯ ಮುಂದಿನ ಸೀಟಿನಲ್ಲಿ ಪೆನಾಂಗಿನಿಂದ ಬಂದ ಖೂ ದಂಪತಿ ಇದ್ದರು. ಗಂಡ ಆರಡಿಯ ನಿವೃತ್ತ ಮೇಷ್ಟ್ರು, ಕಾಲು ಚಾಚಲು ಜಾಗವಿಲ್ಲದೆ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಹೆಂಡತಿ ಹಿಂದಕ್ಕೆ ತಿರುಗಿ ಮಾತಿಗಿಳಿದಳು. ದ್ವೀಪದ ಸೇತುವೆ ದಾಟುವಷ್ಟರಲ್ಲಿ ಡಲ್ಸಿಯ ಹಣ್ಣಿನ ಕೇಕು ಅವಳ ಕೈಯಲ್ಲಿತ್ತು, ಅವಳ ಒಣಗಿಸಿದ ಮಾವಿನಹಣ್ಣು ಡಲ್ಸಿಯ ಬಾಯಲ್ಲಿತ್ತು.

"ಆಂಟಿ, ನೀವೂ ಮೊದಲನೇ ಸಲ ಬರ್ತಿರೋದಾ?"

"ಇಲ್ಲಿಗಾ? ಹೂಂ, ಹಾಗೇ ಅಂದ್ಕೊ," ಎಂದಳು ಡಲ್ಸಿ.

ಕನ್ನಡಿಯಲ್ಲಿ ನೋಡುತ್ತಿದ್ದ ರೇಲೀನಳಿಗೆ ನಗು ಬಂತು, ಹಿಂದೆಯೇ ಸಂಕಟವೂ ಬಂತು.

ನೀಲಗಿರಿ ತೋಪಿನಲ್ಲಿ ಬಸ್ಸು ನಿಂತಾಗ ರೇಲೀನ್ ತನ್ನ ಎಂದಿನ ಪಂದ್ಯ ಹೇಳಿದಳು. ಮೊದಲ ಕೊಆಲಾ ಯಾರಿಗೆ ಕಾಣುತ್ತದೋ ಅವರಿಗೆ ದಿನವಿಡೀ ಡ್ರೈವರ್ ಪಕ್ಕದ ಮುಂದಿನ ಸೀಟು. ಹದಿನೆಂಟು ಜನವೂ ಕತ್ತು ಮೇಲೆತ್ತಿ ಮರಗಳನ್ನು ಜಾಲಾಡತೊಡಗಿದರು. ರೇಲೀನಳಿಗೂ ಅಂದು ಏನೂ ಕಾಣುತ್ತಿರಲಿಲ್ಲ. ಹತ್ತು ನಿಮಿಷವಾಯಿತು. ಡಲ್ಸಿ ಮಾತ್ರ ಮೇಲೆ ನೋಡಲೇ ಇಲ್ಲ. ಊರುಗೋಲಿನಿಂದ ತರಗೆಲೆ ಕೆದಕುತ್ತಾ, ಮರದಿಂದ ಮರಕ್ಕೆ ನಡೆದು, ಒಂದು ಬುಡದಲ್ಲಿ ಬಗ್ಗಿ ಏನನ್ನೋ ಹೆಕ್ಕಿ ಮೂಸಿದಳು.

"ಇದು ಇವತ್ತಿನ ಹಿಕ್ಕೆ. ನೋಡು, ಕೆಮ್ಮಿನ ಗುಳಿಗೆ ವಾಸನೆ."

"ಅಮ್ಮಾ, ಅದನ್ನ ಮೂಗಿಗೆ ಹಿಡೀಬೇಡ, ಥೂ!"

"ಕೊಆಲಾ ಹುಡುಕೋದು ನಿಂಗೆ ಕಲಿಸಿದ್ದು ಯಾರೇ? ಹೆಂಗಸು ಬಸ್ ಓಡಿಸೋಕೆ ಶುರು ಮಾಡಿದ್ಮೇಲೆ ಮೂಗನ್ನ ಮನೇಲೇ ಬಿಟ್ ಬರ್ತಾಳೆ." ಡಲ್ಸಿ ಮುಖವನ್ನು ಓರೆ ಮಾಡಿ, ಕಣ್ಣಂಚಿನಿಂದ ಮರದ ಮೇಲ್ಗಡೆ ನೋಡಿದಳು. "ಅಗೋ, ಎರಡನೇ ಕವಲು. ನೆಟ್ಟಗೆ ನೋಡಿದ್ರೆ ನಂಗೆ ಏನೂ ಕಾಣಲ್ಲ. ಪಕ್ಕದಿಂದ ನೋಡಿದ್ರೆ ಅವಳ ಕಿವಿ ಕೂಡ ಕಾಣುತ್ತೆ. ಬೆನ್ನಮೇಲೆ ಮರಿ ಇದೆ."

ಇತ್ತು. ಬೂದು ಬಣ್ಣದ ದಪ್ಪ ತಾಯಿ, ಅದರ ಬೆನ್ನಿಗೆ ಅವುಚಿಕೊಂಡ ಮರಿ, ಎರಡೂ ಜಗತ್ತಿನ ಗೊಡವೆಯಿಲ್ಲದೆ ನಿದ್ದೆ ಹೊಡೆಯುತ್ತಿದ್ದವು. ಜನ ಚಪ್ಪಾಳೆ ಹೊಡೆಯಲು ಹೋಗಿ, ರೇಲೀನ್ ಕಣ್ಣು ಬಿಟ್ಟಿದ್ದಕ್ಕೆ ಸುಮ್ಮನಾದರು. ಡಲ್ಸಿಯ ಮುಖ ಅರಳಿದ್ದನ್ನು ಕಂಡು, ಇಷ್ಟೇ ಆದರೂ ಸಾಕು, ಇವತ್ತು ಸಾರ್ಥಕ ಅನ್ನಿಸಿತು ರೇಲೀನಳಿಗೆ.

ಗೆದ್ದ ಮುಂದಿನ ಸೀಟನ್ನು ಡಲ್ಸಿ ತಾನು ಇಟ್ಟುಕೊಳ್ಳಲಿಲ್ಲ. "ಈ ಮೇಷ್ಟ್ರನ್ನ ಅಲ್ಲಿ ಕೂರಿಸು. ಪಾಪ, ಕಾಲು ಮಡಚಿಡೋಕೆ ಇನ್ನೊಂದು ಬಸ್ಸೇ ಬೇಕು ಇವ್ರಿಗೆ," ಎಂದು ಹಿಂದಿನ ಮಡಚುವ ಸೀಟಿಗೇ ಹೋಗಿ ಕೂತಳು.

ಸಂಜೆ ಐದು ಗಂಟೆಗೆ ಭೂಶಿರದ ನಿಲ್ದಾಣ ತಲುಪಿದಾಗ ಬೆಳಕು ಇಳಿಯುತ್ತಿತ್ತು. ಎಲ್ಲರೂ ಕಂಬಳಿ ಹೊದ್ದು ಇಳಿದರು. ಡಲ್ಸಿ ಕದಲಲಿಲ್ಲ.

"ಅಮ್ಮ, ಹಕ್ಕಿ ನೋಡ್ಬೇಡ. ಸುಮ್ನೆ ಬಂದು ಸಮುದ್ರ ನೋಡು."

"ಸಮುದ್ರ ನೋಡಿದೀನಿ. ಹದಿನೇಳು ವರ್ಷ ಅಡುಗೆಮನೆ ಕಿಟಕಿಯಿಂದ ನೋಡಿದೀನಿ."

"ಅದಕ್ಕೇ ಅಲ್ವಾ..."

"ಹೇಳಿದ್ನಲ್ಲ, ಪುಸಲಾಯಿಸ್ಬೇಡ ಅಂತ. ನಿನ್ನ ಜನ ಕಾಯ್ತಿದಾರೆ, ಹೋಗು."

ರೇಲೀನಳಿಗೆ ರೇಗಿತು. ಐವತ್ತೆಂಟು ವರ್ಷದವಳಾದರೂ ಅಮ್ಮನ ಮುಂದೆ ಕಣ್ಣು ತುಂಬಿಕೊಳ್ಳುವ ಚಾಳಿ ಹೋಗಿಲ್ಲವಲ್ಲ ಎಂದು ಇನ್ನಷ್ಟು ರೇಗಿತು. ಬಾಗಿಲನ್ನು ಸ್ವಲ್ಪ ಜೋರಾಗಿಯೇ ದೂಡಿ ಹೋದಳು.

ಕಡಲ ಕಡೆಯ ಮೆಟ್ಟಿಲುಗಳ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಕೂತರು. ಫೋಟೋ ತೆಗೆಯುವಂತಿಲ್ಲ, ಎದ್ದು ನಿಲ್ಲುವಂತಿಲ್ಲ. ಕತ್ತಲು ಕವಿಯುತ್ತಲೇ ಅಲೆಯ ನೊರೆಯಲ್ಲಿ ಏಳೆಂಟು ಬಿಳಿ ಎದೆಗಳು ಕಂಡವು. ಮೊಣಕಾಲುದ್ದವೂ ಇಲ್ಲದ ಹಕ್ಕಿಗಳು ನಾಲ್ಕು ಹೆಜ್ಜೆ ಮುಂದೆ ಬಂದು, ಯಾರೋ ಕೆಮ್ಮಿದ್ದಕ್ಕೆ ಹೆದರಿ, ಎಲ್ಲವೂ ಒಟ್ಟಿಗೆ ನೀರಿಗೆ ಓಡಿದವು. ಮತ್ತೆ ಬಂದವು. ಕೊನೆಗೆ ಒಂದು ಧೈರ್ಯ ಮಾಡಿತು, ಉಳಿದವು ಹಿಂದೆಯೇ ತೊನೆಯುತ್ತಾ ಮರಳು ದಾಟಿ ಹುಲ್ಲಿನೊಳಗೆ ನುಗ್ಗಿದವು. ಶ್ರೀಮತಿ ಖೂ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳು. ಸಾವಿರಾರು ಸಲ ನೋಡಿದ್ದರೂ ರೇಲೀನಳಿಗೆ ಇನ್ನೂ ಬೇಸರ ಬಂದಿರಲಿಲ್ಲ. ಆದರೆ ಅಂದು ಅವಳ ಪಕ್ಕದ ಜಾಗ ಖಾಲಿಯಿತ್ತು.

ಆರೂವರೆಗೆ ಜನರೆಲ್ಲ ಬಸ್ಸಿಗೆ ಮರಳಿದರು. ಅಲ್ಲಿ ಯಾವ ಗಾಡಿಯೂ ಹೊರಡುವ ಮುನ್ನ ಅದರ ಅಡಿಗೆ ಬಗ್ಗಿ ನೋಡಲೇಬೇಕು. ದಾರಿತಪ್ಪಿದ ಪೆಂಗ್ವಿನ್ ಚಕ್ರದ ಪಕ್ಕ ಬೆಚ್ಚಗೆ ಕೂತಿರುತ್ತದೆ. ರೇಲೀನ್ ಒದ್ದೆ ನೆಲಕ್ಕೆ ಮಂಡಿಯೂರಿ ನಾಲ್ಕು ಚಕ್ರಗಳ ಹತ್ತಿರವೂ ಟಾರ್ಚು ಬಿಟ್ಟು ನೋಡಿದಳು. ಏನೂ ಇರಲಿಲ್ಲ. ಹಕ್ಕಿಗಳ ಕಣ್ಣಿಗೆ ಹೊಡೆಯದಿರಲೆಂದು ಒಳಗಿನ ದೀಪ ಹಾಕದೆ, ಸೀಟುಗಳ ನಡುವೆ ನಡೆದು ತಲೆ ಎಣಿಸಿದಳು. ಹದಿನಾರು, ಹದಿನೇಳು, ಮುಂದೆ ಮೇಷ್ಟ್ರು ಹದಿನೆಂಟು. ಲೆಕ್ಕ ಸರಿಹೋಯಿತು. ಹಿಂದಿನ ಮಡಚುವ ಸೀಟಿನ ಕಡೆ ಬೇಕೆಂದೇ ನೋಡಲಿಲ್ಲ. ನೋಡಿದರೆ ಅಮ್ಮ ಏನಾದರೂ ಅನ್ನುತ್ತಾಳೆ, ಅಂದರೆ ಜನರ ಮುಂದೆ ತಾನು ಅಳುತ್ತೇನೆ ಎಂಬ ಭಯ.

ಬಸ್ಸು ಐದು ನಿಮಿಷ ಓಡಿತ್ತು. ಹಿಂದಿನಿಂದ ಶ್ರೀಮತಿ ಖೂ ಕೂಗಿದಳು.

"ಮೇಡಂ, ಈ ಫ್ಲಾಸ್ಕಿನ ಮುಚ್ಚಳ ನನ್ನ ಹತ್ರಾನೇ ಉಳಿದುಹೋಗಿದೆ. ವಾಪಸ್ ಕೊಡೋಣ ಅಂದ್ರೆ ಆಂಟಿ ಎಲ್ಲಿ?"

 ರೇಲೀನ್ ಬಸ್ಸನ್ನು ಬದಿಗೆ ನಿಲ್ಲಿಸಿ ಹಿಂದಕ್ಕೆ ಓಡಿದಳು. ಮಡಚುವ ಸೀಟು ಮಡಚಿಕೊಂಡಿತ್ತು.

"ಬಸ್ಸಿನಡಿಗೆ ಹಕ್ಕಿ ಇದೆಯಾ ಅಂತ ನೋಡ್ದೆ. ಅಮ್ಮನ್ನ ನೋಡ್ಲಿಲ್ಲ," ಎಂದಳು ಯಾರಿಗೆಂದಿಲ್ಲದೆ. "ಪಟ್ಟೀಲಿ ಅವಳ ಹೆಸರಿಲ್ಲ. ನಾನು ಪಟ್ಟಿ ಎಣಿಸ್ದೆ."

"ತಿರುಗಿಸಮ್ಮಾ," ಎಂದರು ಮುಂದಿನ ಸೀಟಿನ ಮೇಷ್ಟ್ರು. "ನಮ್ಗೇನೂ ಅವಸರ ಇಲ್ಲ."

ನಿಲ್ದಾಣಕ್ಕೆ ಮರಳಿ ಬಸ್ಸು ನಿಲ್ಲಿಸಿದವಳೇ ರೇಲೀನ್ ಹಲಗೆ ಹಾದಿಯ ಮೇಲೆ ಬಿರಬಿರನೆ ನಡೆದಳು. ಅಲ್ಲಿ ಓಡುವಂತಿಲ್ಲ, ಹಕ್ಕಿಗಳು ಬೆದರುತ್ತವೆ. ಓಡದೆ ಹೋಗುವುದು ಎಷ್ಟು ಕಷ್ಟವೆಂದು ಅವಳಿಗೆ ಅಂದೇ ಗೊತ್ತಾದದ್ದು. ಕಣ್ಣು ಕಾಣದವಳು, ಕತ್ತಲು, ಕೆಳಗೆ ಬಂಡೆ, ಅದರಾಚೆ ಸಮುದ್ರ. ಎಲ್ಲಿಗೆ ಹೋಗಿರಬಹುದೆಂದು ಅವಳು ಯೋಚಿಸಬೇಕಾಗಲಿಲ್ಲ. ಕಾಲುಗಳಿಗೇ ಗೊತ್ತಿತ್ತು.

ಹಾದಿ ಎಡಕ್ಕೆ ಹೊರಳುವಲ್ಲಿ, ಹಿಂದೆ ಹದಿನಾಲ್ಕನೆಯ ನಂಬರಿನ ಮನೆಯಿದ್ದ ಜಾಗದ ಪಕ್ಕ, ಒಂದು ಬೆಂಚು. ಬೆಂಚಿನ ಮೇಲೆ ಉಣ್ಣೆಯ ಟೋಪಿ.

"ಅಮ್ಮಾ!"

"ಶ್! ಕಿರುಚ್ಬೇಡ. ಈಗ ತಾನೆ ಮನೆ ಸೇರ್ತಿದಾವೆ."

ಹಾದಿಯ ಎರಡೂ ಬದಿಯ ಹುಲ್ಲಿನಲ್ಲಿ ಸರಸರ ಸದ್ದು. ಬಿಲಗಳ ಬಾಯಲ್ಲಿ ಪೆಂಗ್ವಿನ್ನುಗಳು ತಮ್ಮ ಜೋಡಿಯನ್ನು ಕರೆಯುತ್ತಾ ಕತ್ತೆಗಳ ಹಾಗೆಯೇ ಅರಚುತ್ತಿದ್ದವು. ರೇಲೀನ್ ಬೆಂಚಿನ ಮೇಲೆ ಕುಸಿದು ಕೂತು ಅಮ್ಮನ ತಣ್ಣಗಿನ ಕೈ ಹಿಡಿದುಕೊಂಡಳು. 

"ನಿನ್ನ ಬಿಟ್ಟು ಹೊರಟೇಬಿಟ್ಟಿದ್ದೆ ಅಮ್ಮ. ಐದು ನಿಮಿಷ ದೂರ ಹೋಗಿದ್ದೆ."

"ಒಳ್ಳೇದೇ ಆಯ್ತು ಬಿಡು. ಬಸ್ಸಲ್ಲಿ ಒಬ್ಳೇ ಕೂತಿದ್ದಾಗ ಇವುಗಳ ಗಲಾಟೆ ಕೇಳಿಸ್ತು. ಬೈಯೋಣ ಅಂತ ಇಳಿದೆ." ಡಲ್ಸಿ ಊರುಗೋಲಿನಿಂದ ಹಲಗೆಯನ್ನು ಮೂರು ಸಲ ಗುದ್ದಿದಳು. ಕೆಳಗೆ ಒಮ್ಮೆಲೇ ನಿಶ್ಶಬ್ದ. ಒಂದು ನಿಮಿಷವೂ ಆಗಿರಲಿಲ್ಲ, ಇಮ್ಮಡಿ ಅರಚಾಟ ಶುರುವಾಯಿತು. "ನೋಡಿದ್ಯಾ? ಮೊಮ್ಮಕ್ಕಳ ಕಾಲಕ್ಕೂ ಬುದ್ಧಿ ಬಂದಿಲ್ಲ ಇವುಕ್ಕೆ."

ತಾಯಿ ಮಗಳು ಇಬ್ಬರೂ ಸದ್ದಿಲ್ಲದೆ ನಕ್ಕರು. ನಗು ನಿಂತಿತು. ಆಮೇಲೆ ಡಲ್ಸಿ, ಮೂವತ್ತು ವರ್ಷ ಕೇಳದೇ ಇಟ್ಟುಕೊಂಡಿದ್ದನ್ನು ಕೇಳಿದಳು.

"ನಮ್ಮನೇಲಿ ಈಗ ಯಾರ್ಯಾರಿದಾರೆ ರೇ?"

ರೇಲೀನಳಿಗೆ ಗೊತ್ತಿತ್ತು. ಬಿಲಗಳ ಲೆಕ್ಕ ಇಡುವವರಿಂದ ಪ್ರತಿ ವರ್ಷವೂ ಕೇಳಿ ತಿಳಿದುಕೊಳ್ಳುತ್ತಿದ್ದಳು, ಹೇಳಲು ಮಾತ್ರ ಯಾರೂ ಇರಲಿಲ್ಲ.

"ಅಡುಗೆಮನೇಲಿ ಎರಡು ಜೋಡಿ. ನಿನ್ನ ಮಲಗೋ ಕೋಣೇಲಿ ಒಂದು ಜೋಡಿ, ಹೋದ ವರ್ಷ ಎರಡು ಮರಿ ಮಾಡಿದ್ವು. ಬಚ್ಚಲಲ್ಲಿ ಒಂದು ಒಂಟಿ ಗಂಡು."

"ಬಚ್ಚಲಲ್ಲಿ ಒಂಟಿ ಗಂಡಾ?"

"ಹೂಂ. ಒಳಗೆ ಹೋದ್ರೆ ಆಚೆ ಬರೋದೇ ಇಲ್ವಂತೆ."

"ನಿಮ್ಮಪ್ಪ!" ಎಂದಳು ಡಲ್ಸಿ, ಕಣ್ಣೊರೆಸಿಕೊಂಡು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ಗೊತ್ತಿದ್ದಂತಿರಲಿಲ್ಲ. "ನೀನು ನೆಟ್ಟ ಹುಲ್ಲು ಯಾವುದು?"

ರೇಲೀನ್ ಅವಳ ಕೈಯನ್ನು ಹಾದಿಯಂಚಿನ ಕಂಬಿಗಳ ಸಂದಿಯಿಂದ ಹೊರಗೆ ಒಯ್ದು ಸೊಂಟದೆತ್ತರದ ಹುಲ್ಲಿನ ಪೊದೆಯ ಮೇಲಿಟ್ಟಳು. ಡಲ್ಸಿ ಒಂದು ಹಿಡಿ ಹಿಡಿದು ಎಳೆದಳು. ಬರಲಿಲ್ಲ. ಇನ್ನೂ ಜೋರಾಗಿ ಎಳೆದಳು. ಆಗಲೂ ಬರಲಿಲ್ಲ.

"ಗಟ್ಟಿಯಾಗಿ ಬೇರೂರಿದೆ ಕಣೇ," ಎಂದಳು. "ಚೆನ್ನಾಗೇ ನೆಟ್ಟಿದೀಯ."

ಮೂವತ್ತು ವರ್ಷಗಳ ಕಾಯುವಿಕೆಗೆ ಇಷ್ಟೇ ಮಾತು. ರೇಲೀನಳಿಗೆ ಅದು ಧಾರಾಳವಾಗಿ ಸಾಕಾಯಿತು.

ಬಸ್ಸಿಗೆ ಮರಳಿದಾಗ ಶ್ರೀಮತಿ ಖೂ ಫ್ಲಾಸ್ಕಿನ ಮುಚ್ಚಳ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮೇಷ್ಟ್ರು ಮುಂದಿನ ಸೀಟು ಬಿಟ್ಟುಕೊಡಲು ಎದ್ದರು, ಡಲ್ಸಿ ಒಪ್ಪಲಿಲ್ಲ. ರೇಲೀನ್ ಮತ್ತೆ ಮಂಡಿಯೂರಿ ಚಕ್ರಗಳ ಕೆಳಗೆ ನೋಡಿದಳು. ಆಮೇಲೆ ಒಳಗೆ ಹತ್ತಿ, ನೇರ ಕಟ್ಟಕಡೆಗೆ ನಡೆದು, ಮಡಚುವ ಸೀಟಿನಿಂದ ಎಣಿಸಲು ಶುರುಮಾಡಿದಳು.

"ಒಂದು," ಎಂದಳು ಅಮ್ಮನ ತಲೆ ಮುಟ್ಟಿ.

"ಟೋಪಿ ಎಳೀಬೇಡ," ಎಂದಳು ಡಲ್ಸಿ. "ಮುಂದಕ್ಕೆ ಎಣಿಸು."